ಬಲಕ್ಕ ಗಾಡಿ ಇಲ್ಲ

ಅವರ ಬಲಗೈ ತೋರುಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಾಗಿತ್ತು. ಯಾವಾಗಲೋ ಹಳಿಯಡಿ ಹಾಕುವ ಸ್ಲೀಪರ್ ತೊಲೆ ಇಳಿಸುವಾಗ ಸಿಕ್ಕಿ ಜಜ್ಜಿದ್ದು. ನಾವು ಅವರನ್ನು ಚಾಚಾ ಎನ್ನುತ್ತಿದ್ದೆವು. ತಳಕಲ್ ಕಡೆಯ ರೈಲು ಹಳಿ ನೋಡಿಕೊಳ್ಳುವ ನಮ್ಮ ಗ್ಯಾಂಗಿಗೆ ಅವರೇ ಮೇಟ್, ಅಂದರೆ ಮುಖ್ಯಸ್ಥ. ಎರಡೂ ಕಡೆ ಆ ಬೆರಳು ತೋರಿಸಿ "ಗಾಡಿ ಇಲ್ಲ" ಎಂದು ಒದರದೆ ಒಂದು ಹಳಿಯನ್ನೂ ದಾಟಿದವರಲ್ಲ. "ನೀವು ಗದಗಿನ ಕಡಿ ತೋರ್ಸಿದ್ರ ಬೆರಳು ಕುಷ್ಟಗಿ ಕಡಿ ಹೊಂಟೈತ್ರಿ ಚಾಚಾ" ಎಂದು ನಾನೇ ಕಾಡುತ್ತಿದ್ದೆ.

ಆ ಹುಚ್ಚು ಹತ್ತಿದ್ದು ತರಬೇತಿಗೆ ಹೋದಾಗ. ಜಪಾನಿನ ರೈಲು ಡ್ರೈವರ್ ಒಬ್ಬನ ವಿಡಿಯೋ ತೋರಿಸಿದ್ದರಂತೆ. ಕೈಗೆ ಬಿಳಿ ಗವಸು, ಪ್ರತಿ ಸಿಗ್ನಲ್ಲಿಗೂ ಬೆರಳು ಮಾಡಿ ಜೋರಾಗಿ ಹೇಳುವುದು. ಅಂದಿನಿಂದ ಬುತ್ತಿ ಬಿಚ್ಚಿದಾಗೆಲ್ಲ ಜಪಾನಿನದೇ ಪುರಾಣ.

"ಮೊದಲ ಎಂಜಿನ್ ಅವರೂ ಇಂಗ್ಲೆಂಡಿನಿಂದ ತರಿಸಿದವರ. ಆಮ್ಯಾಲ ತಾವ ಕಲ್ತು ಮಾಡಿದ್ರು. ಕಲ್ಲಿದ್ದಲ ಎಂಜಿನ್ ಕಾಲದಾಗ ಡ್ರೈವರ್ ಒದರಾಂವ, ಬೆಂಕಿ ಹಾಕಾಂವ ತಾನೂ ನೋಡಿ ಜವಾಬು ಕೊಡಾಂವ. ಈಗ ಬುಲೆಟ್ ಗಾಡಿ ಬಂದ್ರೂ ಒದರೂದು ಬಿಟ್ಟಿಲ್ಲ. ಕಣ್ಣು ದಗಾ ಮಾಡತೈತ್ಲೇ. ಕಣ್ಣು, ಕೈ, ಬಾಯಿ ಮೂರೂ ಕೂಡಿದ್ರ ಜೀವ ಉಳೀತೈತಿ."

ನಮ್ಮಲ್ಲೂ ಅದೇ ಕಾಯಿದೆ ತಂದರು. ಹಳಿ ದಾಟುವವರು ತಮಗೆ ಕಾಣದ ಕಡೆ ಗಾಡಿ ಇದೆಯೇ ಎಂದು ಆ ಕಡೆ ಕಾಣುವವನನ್ನು ಕೇಳುವುದು. ಅವನು ತಿರುಗಿ ನೋಡಿ, ಬೆರಳು ಮಾಡಿ ಜವಾಬು ಕೊಡುವುದು. ನಾನು ಸೇರಿದ ಹೊಸದರಲ್ಲಿ ನೋಡದೆ ಹಳಿಗೆ ಕಾಲಿಡುವಾಗ ಅಂಗಿ ಹಿಡಿದು ಎಳೆದರು. ಎಕ್ಸ್‌ಪ್ರೆಸ್ ನನ್ನ ಮೂಗಿನ ಮುಂದೆಯೇ ಹೋಯಿತು. "ಲೇ ಖೋಡಿ, ನಿಮ್ಮವ್ವಗ ನಾ ಏನ್ ಹೇಳ್ಲಿ?" ಎಂದರು. ಗಾಡಿ ಪೂರ್ತಿ ಹೋಗುವವರೆಗೂ ನನ್ನ ಅಂಗಿ ಬಿಡಲಿಲ್ಲ.

ವರ್ಷಗಳು ಹೋದಂತೆ ಜವಾಬು ನನ್ನ ಬಾಯಿಗೆ ರೂಢಿಯಾಯಿತು. ತಿರುಗಿ ನೋಡುವುದು ಮಾತ್ರ ಬೇಸರವಾಗತೊಡಗಿತು.

ಹೋದ ಬೇಸಿಗೆಯ ಒಂದು ಮಧ್ಯಾಹ್ನ. ಈಚೆ ಹಳಿಯಲ್ಲಿ ಅದಿರಿನ ಗೂಡ್ಸ್ ಆಗಷ್ಟೇ ಹಾದುಹೋಗಿತ್ತು, ಅದರ ಗಡಗಡ ಇನ್ನೂ ನಿಂತಿರಲಿಲ್ಲ. ಆಚೆ ಹಳಿಯ ಜಲ್ಲಿ ನೋಡಿಬರಲು ಚಾಚಾ ಎದ್ದರು. ತಿರುವಿನಿಂದಾಗಿ ಅವರಿಗೆ ಬಲಗಡೆ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. "ಎಡಕ್ಕ ಗಾಡಿ ಇಲ್ಲ. ಬಲಕ್ಕ?" ಎಂದು ಕೇಳಿದರು. ನಾನು ಬುತ್ತಿಯ ಗಂಟು ಬಿಚ್ಚುತ್ತಿದ್ದೆ. ತಲೆಯನ್ನೇ ಎತ್ತದೆ "ಬಲಕ್ಕ ಗಾಡಿ ಇಲ್ಲ" ಎಂದೆ. ಗಾಡಿ ಇತ್ತು. ಹಾರ್ನ್ ಕೇಳುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ವಿಚಾರಣೆಗೆ ಬಂದ ಸಾಹೇಬರು ಏನಾಯಿತೆಂದು ಕೇಳಿದರು. "ಚಾಚಾ ನೋಡದ ದಾಟಿದ್ರು ಸಾಹೇಬ್ರ" ಎಂದೆ. ಉಳಿದವರು ದೂರವಿದ್ದರು, ಹೀಗಾಗಿ ನನ್ನ ಮಾತೇ ಕಾಗದಕ್ಕೆ ಇಳಿಯಿತು.

ಚಾಚಾ ತೀರಿದ ನಲವತ್ತನೇ ದಿನದ ಫಾತೇಹಾ ಪ್ರಾರ್ಥನೆಗೆ ಅವರ ಮನೆಗೆ ಹೋದೆ. ಅವರ ಹೆಂಡತಿ, ನಮ್ಮ ಚಾಚಿ, ನನ್ನ ತಟ್ಟೆಗೆ ಅನ್ನ ಬಡಿಸುತ್ತ ಕೇಳಿದರು: "ದಿನಾ ಒದರಿ ಒದರಿ ದಾಟೂ ಮನಷ್ಯಾ, ಅವತ್ತೊಂದಿನ ಹೆಂಗ ಮರ್ತ್ರಪಾ? ನೀ ಬಾಜೂಕ ಇದ್ದಿ. ನೀನರ ಹೇಳು."

"ವಯಸ್ಸಾಗಿತ್ತಲ್ರಿ ಚಾಚಿ" ಎಂದೆ. ಆ ಅನ್ನವನ್ನು ಉಂಡೂ ಎದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಇದನ್ನು ಬರೆದದ್ದು ಚಾಚಿಯ ಎದುರು ಕೂತು ಓದಬೇಕೆಂದೇ. ಬಾಯಿಮಾತಿನಲ್ಲಿ ಹೇಳುವ ಧೈರ್ಯ ನನಗಿಲ್ಲ. ಚಾಚಿ, ಅವರು ಮರೆತಿರಲಿಲ್ಲ. ಬಲಗಡೆ ಗಾಡಿ ಇದೆಯೇ ಎಂದು ನನ್ನನ್ನು ಕೇಳಿದ್ದರು. ನಾನು ನೋಡದೆ ಹೇಳಿದೆ, ಅವರು ನನ್ನನ್ನು ನಂಬಿ ಕಾಲಿಟ್ಟರು.