ಕೊನೆಯ ಚಿತ್ರದ ಮಾತು

“ನಾ ಪಂಚಮಿಗೆ ಕರಿಯಾಕ ಬಂದಿಲ್ಲ, ಇದನ್ನ ಕೇಳಾಕ ಬಂದೀನಿ.” ಬಸವಕಲ್ಯಾಣದಿಂದ ಬಂದ ಅಣ್ಣ ವಾರಪತ್ರಿಕೆಯನ್ನು ನನ್ನೆದುರಿಗೇ ತಂಗಿಯ ಮುಂದೆ ಎಸೆದರು. ಅದು ಎಪ್ಪತ್ತೆಂಟರ ಶ್ರಾವಣ. ತಾರೀಖನ್ನು ಆ ಸಂಚಿಕೆಯೊಡನೆ ತಾಳೆ ನೋಡಿದ್ದೇನೆ. ಹುಮನಾಬಾದಿನಲ್ಲಿ ನನ್ನ ನೆರೆಯವರಾಗಿದ್ದ ಆ ತಂಗಿ ಬರೆದ ಕಾದಂಬರಿ ಅದರಲ್ಲಿ ಸಾಲುಚಿತ್ರಗಳ ಚಿತ್ರಕಥೆಯಾಗಿ ಬಂದಿತ್ತು. ಕಥೆಯಲ್ಲಿನ ಅಣ್ಣ ಇವರೇ ಎಂದು ಊರಿಗೆಲ್ಲ ಗೊತ್ತಿತ್ತು. ಕೊನೆಯ ಚಿತ್ರದಲ್ಲಿ ತಂಗಿ ಅವನಿಗೆ, “ನನ್ನ ಹೊಸ್ತಿಲ ತುಳೀಬ್ಯಾಡ” ಎನ್ನುತ್ತಿದ್ದಳು.

ಲೇಖಕಿ ಕಾದಂಬರಿಯ ಕೊನೆಯ ಪುಟ ತೆರೆದು ಓದಿದರು. ಅಲ್ಲಿ ಆ ಮಾತಿನ ನಂತರ, “ಕೈಕಾಲು ತೊಳಕೋ ಅಣ್ಣಾ, ಉಣ್ಣಾಕ ಕೂಡು” ಎಂದಿತ್ತು. ಚಿತ್ರಕಥೆ ಎರಡು ಮಾತುಗಳನ್ನೂ ಹಿಂದುಮುಂದು ಮಾಡಿ, ಹೊಸ್ತಿಲ ಮಾತನ್ನೇ ಕೊನೆಗೆ ಇಟ್ಟಿತ್ತು.

ಅಣ್ಣ ಪುಸ್ತಕ ತೆಗೆದುಕೊಂಡು ಆ ಸಾಲನ್ನು ತಾವೇ ಮತ್ತೊಮ್ಮೆ ಓದಿದರು. ಆಮೇಲೆ, “ಕೈಕಾಲಿಗೆ ನೀರು ಕೊಡು ತಂಗೆವ್ವಾ. ಉಂಡು ಪಂಚಮಿಗೆ ಊರಿಗೆ ಹೋಗೂಣು” ಎಂದರು.

ಸಂಶೋಧಕನಾಗಿ ಅಲ್ಲಿಯವರೆಗೆ ನಾನು ಮಾತೊಂದರ ತಾರೀಖನ್ನಷ್ಟೇ ಪರಿಶೀಲಿಸುತ್ತಿದ್ದೆ. ಅಂದಿನಿಂದ ಅದರ ಮುಂದಿನ ಮಾತು ಸಿಗುವವರೆಗೂ ಅದನ್ನು ಬರೆಯಲು ಕೈ ಏಳುವುದಿಲ್ಲ.