ಒಂದೇ ಕುಕ್ಕರಿನ ಕಪ್ಪು ಸೋಯಾ

ಮೊನ್ನೆ ಬೆಳಿಗ್ಗೆ ಕುಕ್ಕರಿನ ಸೀಟಿಯ ಬುಡದಿಂದ ನೇರಳೆ ಬಣ್ಣದ ನೊರೆ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಕಪ್ಪು ಸೋಯಾ ಬೇಯುವಾಗ ಒಂದು ಹಸಿ ವಾಸನೆ ಬರುತ್ತದೆ, ಹುರುಳಿಯದ್ದೂ ಅಲ್ಲ, ಅಲಸಂಡೆಯದ್ದೂ ಅಲ್ಲ. ಅದು ಮೂಗಿಗೆ ಬಡಿದಾಗಲೆಲ್ಲ ನಾವು ಮೊದಲಿದ್ದ ಕುಲಶೇಖರದ ಬಾಡಿಗೆ ಮನೆ ನೆನಪಾಗುತ್ತದೆ, ಕಂಪೌಂಡ್ ಗೋಡೆಯಾಚೆಯ ಪಕ್ಕದ ಮನೆಯ ಅಕ್ಕ ನೆನಪಾಗುತ್ತಾರೆ. ಹಿಂದೆಯೇ ಸಿಟ್ಟೂ ಬರುತ್ತದೆ. ತೀರಿಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನನ್ನಿಂದ ಅದು ಆಗಿಲ್ಲ.

ನನಗೆ ಶುಗರ್ ಇದೆಯೆಂದು ಗೊತ್ತಾದಾಗ ಅಕ್ಕನಿಗೆ ಅದು ಹಳೆಯ ನೆಂಟ. ಡಾಕ್ಟರು ಮಾತ್ರೆ ಬರೆದು, ಅನ್ನ ಕಡಿಮೆ ಮಾಡಿ ಎಂದರು. ಅಲ್ಲಿಯ ಡಯಟ್ ಹುಡುಗಿ ಕಪ್ಪು ಸೋಯಾದ ಹೆಸರು ಹೇಳಿದಳು. ಅದರಲ್ಲಿ ಪಿಷ್ಟ ಬಹಳ ಕಡಿಮೆ, ನಾರು ಮತ್ತು ಪ್ರೋಟೀನು ಜಾಸ್ತಿ, ಹೊಟ್ಟೆ ತುಂಬುತ್ತದೆ, ಅನ್ನ ತಿಂದ ಹಾಗೆ ಶುಗರ್ ಏರುವುದಿಲ್ಲ ಎಂದಳು. ಮೊಬೈಲಿನಲ್ಲಿ ತರಿಸಿ ಬೇಯಿಸಿದೆ. ಬಾಯಿಗಿಡಲಾಗಲಿಲ್ಲ. ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದ ನನಗೆ ಇದೆಂಥ ಶಿಕ್ಷೆ ಎಂದು ಹಿತ್ತಿಲಲ್ಲಿ ನಿಂತು ಅತ್ತೇಬಿಟ್ಟೆ.

ಅಕ್ಕ ಗೋಡೆಯ ಮೇಲಿಂದ ಕೈ ಚಾಚಿ ಪ್ಯಾಕೆಟ್ಟನ್ನು ಕಸಿದುಕೊಂಡರು. ರಾತ್ರಿ ನೆನೆಹಾಕಿ, ಮರುದಿನ ಮೆತ್ತಗೆ ಬೇಯಿಸಿ, ಹುರಿದ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ತೆಂಗಿನತುರಿ ಹಾಕಿ ಒಣಪಲ್ಯದಂಥ ಸುಕ್ಕ ಮಾಡಿ ಡಬ್ಬಿಯಲ್ಲಿ ಕೊಟ್ಟರು. ಅದೇ ಕಾಳು ಎಂದರೆ ನಂಬಲಾಗಲಿಲ್ಲ.

"ನೀನು ಅನ್ನ ಬಿಡು, ನಾನೂ ಬಿಡ್ತೇನೆ ಮಾರಾಯ್ತಿ. ಇಬ್ಬರಿಗೂ ಒಂದೇ ಕುಕ್ಕರಲ್ಲಿ ಬೇಯಿಸಿದ್ರೆ ಆಯ್ತು" ಎಂದರು.

ಅಂದಿನಿಂದ ಕಾಳು ನನ್ನದು, ಅಡುಗೆ ಅವರದ್ದು. ಮಧ್ಯಾಹ್ನಕ್ಕೆ ಸರಿಯಾಗಿ ಗೋಡೆಯ ಮೇಲೆ ಡಬ್ಬಿ ಬಂದು ಕೂರುತ್ತಿತ್ತು. ಒಮ್ಮೆ ಯಾರದೋ ಮದುವೆಯಲ್ಲಿ ನಾನು ಹೊಟ್ಟೆ ಬಿರಿಯುವಷ್ಟು ಅನ್ನ ಉಂಡು ಬಂದದ್ದು ತಿಳಿದು ಅಕ್ಕ, ನಾನಿಲ್ಲಿ ನಾಲಗೆ ಕಟ್ಟಿ ಕೂತರೆ ನೀನು ಅಲ್ಲಿ ಮಜಾ ಮಾಡ್ತೀಯಾ ಎಂದು ಮುಖ ಊದಿಸಿಕೊಂಡಿದ್ದರು. ನನಗೆ ಎಷ್ಟು ನಾಚಿಕೆಯಾಗಿತ್ತೆಂದರೆ... ಆಮೇಲೆ ಮದುವೆಯೂಟಕ್ಕೆ ಹೋದರೂ ಅನ್ನ ಬಡಿಸುವವರಿಗೆ ಕೈ ಅಡ್ಡ ಹಿಡಿಯುತ್ತಿದ್ದೆ.

ನನ್ನ ಶುಗರ್ ನಿಧಾನವಾಗಿ ಇಳಿಯಿತು. ಅಕ್ಕನದು ಇಳಿಯಲಿಲ್ಲ. ಅವರ ಕಾಲಿನ ಬೆರಳಿನ ಸಂದಿಯಲ್ಲಾದ ಸಣ್ಣ ಗಾಯ ಮಾಯದೆ ಹಾಗೇ ಉಳಿಯಿತು. ನಮ್ಮಿಬ್ಬರಿಗೂ ಡಾಕ್ಟರು ಒಬ್ಬರೇ. ಊಟದ ವಿಷಯ ನಿಜ ಹೇಳಬೇಕು ಎಂದು ಅವರು ಅಕ್ಕನನ್ನು ಕೇಳಿದರು. ಅಕ್ಕ ಸೆರಗಿನ ಅಂಚು ನೋಡುತ್ತಾ ಕೂತಿದ್ದರು. ನನಗೆ ತಡೆಯಲಾಗಲಿಲ್ಲ.

"ಇವರು ಅನ್ನದ ಅಗುಳೂ ಮುಟ್ಟುವುದಿಲ್ಲ ಡಾಕ್ಟ್ರೇ. ಬೇಕಾದ್ರೆ ನಾನು ಬರೆದು ಕೊಡ್ತೇನೆ."

ಡಾಕ್ಟರು ಮತ್ತೆ ಕೇಳಲಿಲ್ಲ. ಔಷಧಿ ಬದಲಿಸಿದರು, ಇನ್ಸುಲಿನ್ ಶುರು ಮಾಡಿದರು. ಬರುವಾಗ ರಿಕ್ಷಾದಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದರು. ಪ್ರೀತಿಯಿಂದ ಎಂದುಕೊಂಡೆ. ಮುಂದೆ ಬೆರಳು ಕಪ್ಪಾಯಿತು, ಪಾದ ಹೋಯಿತು, ನಂಜು ಮೈಗೇರಿತು... ಆಸ್ಪತ್ರೆಯಿಂದ ಅವರು ಮನೆಗೆ ಬರಲಿಲ್ಲ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಒಳಕೋಣೆಯಲ್ಲಿ ತೀರಿಹೋದವರಿಗೊಂದು ಎಲೆ ಹಾಕಿ, ಬದುಕಿದ್ದಾಗ ಅವರಿಗೆ ಇಷ್ಟವಿದ್ದದ್ದನ್ನೆಲ್ಲ ಬಡಿಸಿ, ಬಾಗಿಲೆಳೆದು ಹೊರಗೆ ನಿಲ್ಲುವುದು ಆ ಮನೆಯ ಕ್ರಮ. ನಾನು ಅಂದು ಬೆಳಿಗ್ಗೆ ಅಕ್ಕ ಮಾಡುತ್ತಿದ್ದ ಹಾಗೆಯೇ ಸುಕ್ಕ ಮಾಡಿ ಅದೇ ಡಬ್ಬಿಯಲ್ಲಿ ತುಂಬಿಸಿ ಕೊಂಡುಹೋದೆ. ಎಲೆಯ ಮೇಲೆ ಕುಚ್ಚಲಕ್ಕಿ ಅನ್ನದ ರಾಶಿ ಇತ್ತು. ಪಕ್ಕದಲ್ಲಿ ಗೋಳಿಬಜೆ, ಬೆಲ್ಲದ ಪಾಯಸ, ಬಾಳೆಹಣ್ಣಿನ ಹಲ್ವ. ಸಾಯುವ ಮೊದಲು ಬಿಟ್ಟದ್ದನ್ನೆಲ್ಲ ಈಗಲಾದರೂ ತಿನ್ನಲಿ ಎಂದು ಬಡಿಸಿದ್ದಾರೆ ಎಂದುಕೊಂಡು ನನ್ನ ಕಣ್ಣು ತುಂಬಿತು. ಡಬ್ಬಿಯ ಮುಚ್ಚಳ ತೆಗೆದೆ. ಅಕ್ಕನ ಸೊಸೆ ನನ್ನ ಕೈ ತಡೆದಳು.

"ಅದು ಬೇಡ ಆಂಟಿ. ಅತ್ತೆಗೆ ಆ ಕಾಳು ಕಂಡರೇ ಆಗ್ತಿರಲಿಲ್ಲ. ಅವರ ಪಾಲು ಕೋಳಿಗಳಿಗೆ ಹಾಕ್ತಿದ್ರು."

ಅವಳು ಹೇಳುತ್ತಾ ಹೋದಳು. ನನ್ನ ಡಬ್ಬಿ ಗೋಡೆ ದಾಟಿದ ಮೇಲೆ ಅತ್ತೆ ಗಂಜಿಗೆ ಕೂರುತ್ತಿದ್ದರಂತೆ. ಇವಳು ಬೈದರೆ, "ನಾನು ತಿನ್ನುವುದಿಲ್ಲ ಅಂತ ಗೊತ್ತಾದರೆ ಅವಳೂ ಕಾಳು ಬಿಡ್ತಾಳೆ, ಬಾಯಿ ಬಿಡಬೇಡ" ಎನ್ನುತ್ತಿದ್ದರಂತೆ. ನಾನು ಡಬ್ಬಿಯ ಮುಚ್ಚಳ ಮತ್ತೆ ಹಾಕಿದೆ. ಅಷ್ಟು ಕಾಲ ಒಂದೇ ಕುಕ್ಕರಿನದ್ದು ತಿಂದೆವು ಎಂದು ಹೇಳಿಕೊಂಡು ತಿರುಗಿದ ನಾನು, ಅಕ್ಕ ತಿನ್ನುವುದನ್ನು ಒಂದು ದಿನವೂ ನೋಡಿರಲಿಲ್ಲ. ಬಾಗಿಲೆಳೆದರು. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ, ಮೈ ಉರಿಯಿತು.

ನನ್ನ ಒಳ್ಳೆಯದಕ್ಕೇ ಮಾಡಿದ್ದು ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಇರಬಹುದು. ಆದರೆ ಅಕ್ಕ ನನಗೆ ಮೋಸ ಮಾಡಿದ್ದಷ್ಟೇ ಅಲ್ಲ, ಡಾಕ್ಟರ ಎದುರು ತಮ್ಮ ಸುಳ್ಳಿಗೆ ನನ್ನ ಬಾಯಿಂದಲೇ ಸಾಕ್ಷಿ ಹೇಳಿಸಿದರು. ಹೇಳಿದ್ದರೆ ಜಗಳ ಮಾಡುತ್ತಿದ್ದೆ, ಎದುರು ಕೂತು ತಿನ್ನಿಸುತ್ತಿದ್ದೆ, ಆಗದಿದ್ದರೆ ಡಾಕ್ಟರ ಹತ್ತಿರ ಚಾಡಿಯನ್ನಾದರೂ ಹೇಳುತ್ತಿದ್ದೆ...

ಈಗ ನಾವು ವಾಮಂಜೂರಿನಲ್ಲಿದ್ದೇವೆ. ಸುಕ್ಕ ನಾನೇ ಮಾಡಿಕೊಳ್ಳುತ್ತೇನೆ. ಕಳೆದ ವಾರ ಡಾಕ್ಟರು ರಿಪೋರ್ಟ್ ನೋಡಿ ಭೇಷ್ ಎಂದರು. ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ನಿಂತಾಗ ಅಕ್ಕನಿಗೆ ಮನಸ್ಸಿನಲ್ಲೇ ಹೇಳಿದೆ: ನನ್ನನ್ನು ಉಳಿಸಲಿಕ್ಕೆ ದಿನಾ ಸುಳ್ಳು ಹೇಳಿದಿರಲ್ಲ ಅಕ್ಕ, ನಿಮ್ಮನ್ನು ಉಳಿಸಲಿಕ್ಕೆ ನನಗೆ ಒಂದು ದಿನ ನಿಜ ಹೇಳಬಾರದಿತ್ತಾ?