ಸೇತುವೆಯ ಬಾಯಲ್ಲಿ ನಿಂತ ಬಸ್ಸು

ಟೈಲರಮ್ಮನಿಗೆ ಒಂದು ವಿದ್ಯೆ ಕರಗತವಾಗಿತ್ತು. ಎದುರಿಗೆ ಕೂತವರು ಮಾತಾಡುತ್ತಿರುವಾಗಲೇ ಅವರ ಮಾತನ್ನು ಕಿವಿಯ ಹೊರಗೇ ನಿಲ್ಲಿಸಿ, ಸರಿಯಾದ ಜಾಗದಲ್ಲಿ ಮಾತ್ರ ಒಂದು "ಹೂಂ" ಅನ್ನುವುದು. ಇದನ್ನು ಆಕೆ ಗಿರಾಕಿಗಳ ಮೇಲೆ ಪ್ರಯೋಗಿಸುತ್ತಿದ್ದಳು, ಮಗಳ ಮೇಲೆ ಪ್ರಯೋಗಿಸುತ್ತಿದ್ದಳು, ಎಲ್ಲರಿಗಿಂತ ಹೆಚ್ಚಾಗಿ ಗಂಡನ ಮೇಲೆ. ಕೈಯಲ್ಲಿ ಶಾಲೆಯ ಸಮವಸ್ತ್ರದ ಕಾಲರು, ಕಾಲಡಿಯಲ್ಲಿ ಮೆಷಿನ್ನಿನ ಪೆಡಲು, ಬಾಯಲ್ಲಿ ಸಾಲಾಗಿ ಗುಂಡುಸೂಜಿ. ಗುಂಡುಸೂಜಿ ಕಚ್ಚಿಕೊಂಡ ಬಾಯಿಂದ "ಹೂಂ" ಬಿಟ್ಟರೆ ಇನ್ನೇನು ಬರಬೇಕು? ಯಾರೂ ಆಕೆಯನ್ನು ದೂರುವಂತಿರಲಿಲ್ಲ.

ಗಂಡ ಸಿಟಿ ಬಸ್ಸಿನ ಡ್ರೈವರಾಗಿದ್ದವನು. ನಿವೃತ್ತನಾಗಿ ಎಷ್ಟೋ ವರ್ಷವಾದರೂ ಬೀದಿಯವರಿಗೆಲ್ಲ ಅವನು ಡ್ರೈವರಪ್ಪನೇ. ಮಹಾ ಮಾತುಗಾರ. ಅಂಥವನನ್ನು ತಂದು, "ಚಾಲಕರೊಂದಿಗೆ ಮಾತನಾಡಬಾರದು" ಎಂಬ ಬೋರ್ಡಿನ ಕೆಳಗೆ ಇಡೀ ಆಯುಷ್ಯ ಕೂರಿಸಿದ್ದರು ಪುಣ್ಯಾತ್ಮರು. ದಿನವೆಲ್ಲ ಕನ್ನಡಿಯಲ್ಲಿ ಜನರನ್ನು ನೋಡುವುದು, ನೋಡಿದ್ದನ್ನು ಒಳಗೇ ಇಟ್ಟುಕೊಳ್ಳುವುದು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತನೆಂದರೆ ಬಾಯಿಯ ಬ್ರೇಕು ಬಿಟ್ಟ ಹಾಗೆಯೇ. ನಿವೃತ್ತಿಯ ನಂತರ ಹೊಸದಾಗಿ ನೋಡುವುದೇನೂ ಉಳಿಯದೆ ಹಳೆಯದನ್ನೇ ಮತ್ತೆ ಮತ್ತೆ ಹೇಳತೊಡಗಿದ.

ದಿನಾ ಕೊನೇ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡು, ಅಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದ ಗಡಿಯಾರ ರಿಪೇರಿಯವನ ಕಥೆ. ಹೊಸ ಬಡಾವಣೆಗೆ ಮೊದಲ ಬಸ್ಸು ಬಿಟ್ಟ ದಿನ ಅಲ್ಲಿ ರಸ್ತೆಯೇ ಇರಲಿಲ್ಲ ಎಂಬ ಕಥೆ. ಎಲ್ಲಕ್ಕಿಂತ ದೊಡ್ಡದು, ಹಳೇ ಸೇತುವೆ ಬಿದ್ದ ದಿನದ ಕಥೆ. ಅದು ಊರಿಗೆಲ್ಲ ಗೊತ್ತಿದ್ದದ್ದೇ. ನದಿ ತುಂಬಿ ಹರಿಯುತ್ತಿತ್ತು, ಬಸ್ಸಿನ ತುಂಬ ಮಾರ್ಕೆಟ್ಟಿನ ಜನ, ಡ್ರೈವರಪ್ಪ ಸೇತುವೆಯ ಬಾಯಲ್ಲಿ ಗಾಡಿ ನಿಲ್ಲಿಸಿಬಿಟ್ಟ, ಸ್ವಲ್ಪ ಹೊತ್ತಿಗೆ ಸೇತುವೆಯ ನಡು ಮುರಿದು ನೀರಿಗೆ ಬಿತ್ತು. ಪತ್ರಿಕೆಯವರು ಸಮಯಪ್ರಜ್ಞೆ ಎಂದು ಬರೆದರು. ಡಿಪೋದವರು ಒಂದು ಗೋಡೆ ಗಡಿಯಾರ ಕೊಟ್ಟು ಕೈ ಕುಲುಕಿದರು. ಏನು ನೋಡಿ ನಿಲ್ಲಿಸಿದೆಯಪ್ಪಾ ಎಂದು ಮಾತ್ರ ಯಾರೂ ಕೇಳಲಿಲ್ಲ.

ಅದನ್ನು ಅವನು ಹೇಳುತ್ತಿದ್ದದ್ದು ಮನೆಯಲ್ಲಿ. ಊಟ ಮುಗಿಯುವ ಹೊತ್ತಿಗೆ ಶುರು ಮಾಡುತ್ತಿದ್ದ. ಊಟದ ಮೇಲೆ ಅವನಿಗೊಂದು ಲೋಟ ಬಿಸಿ ಹಾಲು ಬೇಕು. ಅದು ಒಲೆಯ ಮೇಲಿರುತ್ತಿತ್ತು. ಕಥೆಯ ಬಸ್ಸು ಸೇತುವೆಯ ಬಾಯಿಗೆ ಬರುವುದಕ್ಕೂ ಹಾಲು ಮೇಲೇಳುವುದಕ್ಕೂ ಸರಿಹೋಗುತ್ತಿತ್ತು. ಟೈಲರಮ್ಮ ಎದ್ದು ಹೋಗಿ, ಹಾಲು ಇಳಿಸಿ, ಲೋಟಕ್ಕೆ ಬಗ್ಗಿಸಿ ತರುವಷ್ಟರಲ್ಲಿ, ಆಕೆಯ ಲೆಕ್ಕದಲ್ಲಿ, ಸೇತುವೆ ಬಿದ್ದುಹೋಗಿರುತ್ತಿತ್ತು. "ಅಬ್ಬಾ!" ಅನ್ನುತ್ತಾ ಆಕೆ ಲೋಟ ಮುಂದಿಡುತ್ತಿದ್ದಳು. ಅವನಿಗೂ ಅಷ್ಟೇ ಸಾಕಿತ್ತೋ ಏನೋ, ಕುಡಿದು ಮಲಗುತ್ತಿದ್ದ.

ಮಗಳು ಕಾಲೇಜಿನ ಆಫೀಸಿನಲ್ಲಿ ಕೆಲಸದಲ್ಲಿದ್ದಳು. ಪರದೇಶದಿಂದ ಭೂಗೋಳ ಓದುವ ಹುಡುಗ ಹುಡುಗಿಯರ ಒಂದು ತಂಡ ಆ ಕಾಲೇಜಿಗೆ ಬರುವುದಿತ್ತು. ಈ ಊರು ನದಿಯ ಆ ದಂಡೆಯಿಂದ ಈ ದಂಡೆಗೆ ಯಾಕೆ, ಹೇಗೆ ದಾಟಿ ಬಂತು ಎಂದು ಸಂಶೋಧನೆ ಮಾಡುತ್ತಾರಂತೆ. ಅದರಲ್ಲಿ ಒಬ್ಬಳಿಗೆ ಮನೆಯ ಮಹಡಿಯ ಕೋಣೆ ಕೊಡೋಣ ಎಂದಳು ಮಗಳು.

"ಊರು ದಾಟಿ ಬರುತ್ತಾ? ಅದಕ್ಕೇನು ಕಾಲಿದೆಯಾ?" ಎಂದಳು ಟೈಲರಮ್ಮ.

"ನಾನೇ ಕರ್ಕೊಂಡು ಬಂದೆ, ಬಸ್ಸಲ್ಲಿ. ಬರ್ಲಿ ಆ ಮಗು, ಹೇಳ್ತೀನಿ," ಎಂದ ಡ್ರೈವರಪ್ಪ. ಅವನ ಮುಖ ಅರಳಿತ್ತು.

ಬಂದವಳು ಬಾಗಿಲಿಗೆ ತಲೆ ತಾಗುವಷ್ಟು ಉದ್ದ, ಕಾಲು ಎತ್ತಿ ಎತ್ತಿ ಇಡುವ ನಡಿಗೆ. ಡ್ರೈವರಪ್ಪ ಅವತ್ತೇ ಕೊಕ್ಕರೆ ಎಂದು ಹೆಸರಿಟ್ಟ. ಅವಳು ಅದರ ಅರ್ಥ ಕೇಳಿ ತಿಳಿದು ಹೊಟ್ಟೆ ತುಂಬ ನಕ್ಕಳು. ಭಾಷೆಯನ್ನು ಪುಸ್ತಕದಿಂದ ಕಲಿತು ಬಂದಿದ್ದಳು. ಅವಳು ಬಾಯಿ ತೆರೆದರೆ ಮನೆಯಲ್ಲಿ ರೇಡಿಯೋ ವಾರ್ತೆ ಶುರುವಾದ ಹಾಗಿರುತ್ತಿತ್ತು.

ಮೊದಲ ಸಂಜೆಯೇ ಡ್ರೈವರಪ್ಪ ಊಟದ ನಡುವೆ ಕುರ್ಚಿ ಮುಂದೆಳೆದುಕೊಂಡ. "ನೋಡಮ್ಮ ಕೊಕ್ಕರೆ, ಆವಾಗ ಮಾರ್ಕೆಟ್ಟು ಇದ್ದದ್ದು ಆ ಕಡೆ..."

ಹುಡುಗಿ ಗಾಬರಿಯಿಂದ ಎರಡೂ ಕೈ ಎತ್ತಿದಳು. "ಅಜ್ಜ, ದಯವಿಟ್ಟು ಈಗ ಹೇಳಬೇಡಿ! ನಾನು ತಮ್ಮ ಅನುಮತಿಯನ್ನು ಪಡೆದಿಲ್ಲ. ಧ್ವನಿಮುದ್ರಣವೂ ಇಲ್ಲ. ಊಟದ ಸಮಯದಲ್ಲಿ ಕೇಳಿದ್ದನ್ನು ನಾವು ಬಳಸುವಂತಿಲ್ಲ. ಒಮ್ಮೆ ಹೇಳಿದ ಸಂಗತಿ ಎರಡನೆಯ ಬಾರಿ ಬದಲಾಗುತ್ತದೆ ಎಂದು ನಮ್ಮ ಮೇಷ್ಟರು ಹೇಳಿದ್ದಾರೆ. ತಾವು ಅದನ್ನು ಹಾಗೆಯೇ ಕಾದಿರಿಸಬೇಕು."

ಡ್ರೈವರಪ್ಪ ಹೆಂಡತಿಯ ಕಡೆ ತಿರುಗಿದ. "ನೋಡಿದ್ಯಾ? ಇಲ್ಲೂ ಬೋರ್ಡು ಹಾಕಿದ್ರು."

ಎಲ್ಲರೂ ನಕ್ಕರು. ಆದರೆ ಮನುಷ್ಯ ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡನೆಂದರೆ, ಅಂದಿನಿಂದ ಊಟಕ್ಕೆ ಕೂತರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹುಡುಗಿ ಇಲ್ಲದಾಗ ಹೆಂಡತಿಯ ಹತ್ತಿರವೂ ಇಲ್ಲ. ಹೇಳಿದರೆ ಕಥೆ ಸವೆದುಹೋದೀತು ಎಂಬ ಹೆದರಿಕೆ. ಸಂಜೆ ಅಂಗಳದಲ್ಲಿ ಅಡ್ಡಾಡುತ್ತಾ ತನ್ನಷ್ಟಕ್ಕೆ ತುಟಿ ಅಲ್ಲಾಡಿಸುತ್ತಿದ್ದ. ಎದುರಿಗಿಲ್ಲದ ಸ್ಟೇರಿಂಗನ್ನು ಕೈ ತಿರುಗಿಸುತ್ತಿತ್ತು. ಪರೀಕ್ಷೆಗೆ ಓದುವ ಹುಡುಗರ ಪಾಡು.

ಟೈಲರಮ್ಮನಿಗೆ ನಿಜ ಹೇಳಬೇಕೆಂದರೆ ಹಾಯೆನಿಸಿತು. ಮದುವೆಯಾದಾಗಿನಿಂದ ಮೊದಲ ಸಲ ಮನೆಯಲ್ಲಿ ಚಮಚೆಯ ಸದ್ದು ಕೇಳಿಸುತ್ತಿತ್ತು. "ಆ ಹುಡುಗೀನ ಇನ್ನೊಂದು ವರ್ಷ ಇಟ್ಕೊಳ್ಳೋಣ ಕಣೆ," ಎಂದು ಮಗಳಿಗೆ ಹೇಳಿ ನಕ್ಕಳು. ಈ ನಗು ಆಮೇಲೆ ಆಕೆಯನ್ನು ಬಹಳ ಕಾಡಿತು.

ಕೊಕ್ಕರೆ ಮತ್ತು ಅವಳ ಜೊತೆಯವರು ನಕ್ಷೆ ಹಿಡಿದು ಊರೆಲ್ಲ ಸುತ್ತಿದರು. ಗುಜರಿ ಅಂಗಡಿಯವನನ್ನು ಕೇಳಿದರು, ಹಳೇ ಸಿನಿಮಾ ಟಾಕೀಸಿನ ಗೇಟ್ ಕಾಯುವವನನ್ನು ಕೇಳಿದರು, ಎಂದೂ ಕಾಣದ ಬೀದಿಗಳ ಎಂದೂ ಕಾಣದ ಜನರ ಮನೆಯಲ್ಲಿ ಕೂತು ಟೀ ಕುಡಿದು ಬಂದರು. ಡ್ರೈವರಪ್ಪನ ಸರದಿ ಮಾತ್ರ ಮುಂದೆ ಮುಂದೆ ಹೋಯಿತು. ದೂರದವರು ಸಿಗುವುದು ಕಷ್ಟ. ಅಜ್ಜ ಮನೆಯಲ್ಲೇ ಇದ್ದಾರಲ್ಲ. ಹುಡುಗಿಯ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಯಾರನ್ನು ಕೇಳಿದರೂ ಹಾಗೇ ಹೇಳುತ್ತಿದ್ದರು.

ಕೊನೆಗೆ ಒಂದು ಭಾನುವಾರ ಗೊತ್ತಾಯಿತು. ಡ್ರೈವರಪ್ಪ ಬೆಳಗ್ಗೆ ಎದ್ದವನೇ ನುಣ್ಣಗೆ ಗಡ್ಡ ಕೆರೆದುಕೊಂಡ. ಪೆಟ್ಟಿಗೆಯ ತಳದಿಂದ ಹಳೇ ಯೂನಿಫಾರ್ಮಿನ ಶರ್ಟು ತೆಗೆಸಿದ. ಹೊಟ್ಟೆಯ ಹತ್ತಿರ ಗುಂಡಿ ಹತ್ತಲಿಲ್ಲ. ಟೈಲರಮ್ಮ ಬೈದುಕೊಳ್ಳುತ್ತಲೇ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಳು.

"ಧ್ವನಿ ತಾನೇ ಹಿಡಿಯೋದು ಅವಳು? ಶರ್ಟು ಯಾರಿಗೆ ಕಾಣುತ್ರೀ?"

"ಶರ್ಟು ಹಾಕ್ಕೊಂಡ್ರೆ ಧ್ವನಿ ಬೇರೆ ಬರುತ್ತೆ. ನಿಂಗೆ ಅದೆಲ್ಲ ಗೊತ್ತಾಗಲ್ಲ, ಬಿಡು."

ನಡುಮನೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ಅಷ್ಟರಲ್ಲಿ ಕೊಕ್ಕರೆ ಮಹಡಿಯಿಂದ ಓಡುತ್ತಾ ಇಳಿದು ಬಂದಳು. ಹಳೇ ಸೇತುವೆ ಕಟ್ಟಿದ ಎಂಜಿನಿಯರನ ಮೊಮ್ಮಗ ದೂರದ ಊರಿನಿಂದ ಬಂದಿದ್ದಾನಂತೆ, ಮಧ್ಯಾಹ್ನ ಹೊರಟುಹೋಗುತ್ತಾನಂತೆ. ಬಾಗಿಲಲ್ಲಿ ನಿಂತು ಶರ್ಟು ಹಾಕಿಕೊಂಡ ಅಜ್ಜನನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು. ಹೋಗಲೋ ಬೇಡವೋ ಎಂದು ಟೈಲರಮ್ಮನ ಮುಖ ನೋಡಿದಳು.

ಟೈಲರಮ್ಮ ಒಂದು ಮಾತು ಹೇಳಬಹುದಿತ್ತು. ಇವತ್ತು ಕೂತ್ಕೋ ಮಗು, ಪಾಪ, ಕಾಯ್ತಾ ಇದಾರೆ, ಎಂದಿದ್ದರೆ ಆ ಹುಡುಗಿ ಖಂಡಿತ ಕೂರುತ್ತಿದ್ದಳು. ಆದರೆ ಆಕೆಯ ಬಾಯಿಂದ ಬಂದದ್ದು ಬೇರೆ. "ಹೋಗಿ ಬಾರಮ್ಮ. ಇವರೆಲ್ಲಿಗೆ ಹೋಗ್ತಾರೆ? ಇಲ್ಲೇ ಬಿದ್ದಿರ್ತಾರೆ."

ಡ್ರೈವರಪ್ಪನೂ "ಹೋಗು, ಹೋಗು" ಎಂದು ಕೈ ಬೀಸಿದ. ಊಟದ ಹೊತ್ತಿನವರೆಗೂ ಆ ಶರ್ಟು ಬಿಚ್ಚಲಿಲ್ಲ.

ಆ ವಾರವೇ, ಹಲ್ಲುಜ್ಜುತ್ತಾ ನಿಂತವನಿಗೆ ಬ್ರಷ್ಷು ಕೈಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವನು ಅಲ್ಲೇ ಕುಸಿದ. ಲಕ್ವ ಬಲಗಡೆಗೆ ಹೊಡೆದಿತ್ತು. ಮಾತು ಪೂರಾ ನಿಂತುಹೋಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, "ನೀವು ಹೇಳೋದೆಲ್ಲ ಇವರಿಗೆ ತಿಳಿಯುತ್ತೆ. ಒಳಗೆ ಎಲ್ಲಾ ಇದೆ. ಹೊರಗೆ ಬರೋದು ಕಷ್ಟ," ಎಂದರು. ಒಳಗೆ ಎಲ್ಲಾ ಇದೆ ಎಂಬ ಮಾತು ಟೈಲರಮ್ಮನ ಕಿವಿಯಲ್ಲೇ ಉಳಿಯಿತು. ಇದ್ದೇ ಇದೆಯಲ್ಲ. ಸವೆಯಬಾರದೆಂದು ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದನಲ್ಲ.

ತಂಡ ಊರಿಗೆ ಹೊರಡುವ ಹಿಂದಿನ ಸಂಜೆ ಕೊಕ್ಕರೆ ಮಂಚದ ಪಕ್ಕ ನೆಲದ ಮೇಲೆ ಕೂತು ಅತ್ತಳು. ಅಳುವಾಗ ಅವಳ ಪುಸ್ತಕದ ಭಾಷೆ ಎಲ್ಲಿ ಹೋಯಿತೋ. "ಅಜ್ಜಿ, ನಾನೇ ಬೇಡ ಅಂದೆ. ಅವರು ಹೇಳ್ತಿದ್ರು, ನಾನೇ ಬಾಯಿ ಮುಚ್ಚಿಸ್ದೆ."

"ಸುಮ್ನಿರು ಮಗು. ಅಳಬೇಡ." ಟೈಲರಮ್ಮ ಅವಳ ತಲೆ ಸವರಿದಳು. ತಟ್ಟನೆ ಏನೋ ಹೊಳೆದು ಮುಖ ಬೆಳಗಿತು. "ಅಯ್ಯೋ, ಇದಕ್ಕೆ ಯಾಕೆ ಅಳ್ತೀಯ? ನಾನಿಲ್ವಾ? ಆ ಕಥೆಗಳನ್ನೆಲ್ಲ ಕಿವಿ ತೂತು ಬೀಳೋವಷ್ಟು ಕೇಳಿದೀನಿ. ಇಡು ನಿನ್ನ ಮೆಷಿನ್ನು. ಅವರ ಎದುರಿಗೇ ಹೇಳ್ತೀನಿ. ತಪ್ಪಿದ್ರೆ ಗುರ್ ಅಂತಾರೆ."

ರೆಕಾರ್ಡರು ಮಂಚದ ಅಂಚಿಗೆ ಬಂತು. ಡ್ರೈವರಪ್ಪ ಕಣ್ಣರಳಿಸಿ ನೋಡುತ್ತಿದ್ದ. ಅಡುಗೆಮನೆಯಲ್ಲಿ ಒಲೆಯ ಮೇಲೆ ಅವನಿಗೆ ಚಮಚೆಯಲ್ಲಿ ಕುಡಿಸುವ ಹಾಲಿತ್ತು.

ಟೈಲರಮ್ಮ ಸೊಗಸಾಗಿಯೇ ಶುರು ಮಾಡಿದಳು. ತುಂಬಿದ ನದಿ, ಸೀಟಿನ ಕೆಳಗೆ ತರಕಾರಿ ಬುಟ್ಟಿ, ಕಾಲಿಡಲು ಜಾಗವಿಲ್ಲದ ಬಸ್ಸು, ಹಿಂದಿನ ಬಾಗಿಲಲ್ಲಿ ನೇತಾಡುವ ಕಂಡಕ್ಟರು. ಗಂಡ ಬಳಸುತ್ತಿದ್ದ ಶಬ್ದಗಳೇ ಒಂದೊಂದಾಗಿ ಬಾಯಿಗೆ ಬಂದವು. ಹೊದಿಕೆಯ ಮೇಲೆ ಅವನ ಎಡಗೈ ತಾಳ ಹಾಕುವಂತೆ ಮೆಲ್ಲಗೆ ಬಡಿಯುತ್ತಿತ್ತು. "ಸೇತುವೆಯ ಬಾಯಿಗೆ ಬಂತು ನೋಡು ಬಸ್ಸು. ಮುಂದೆ ಒಂದು ಗಾಡಿಯಿಲ್ಲ, ರೋಡು ಖಾಲಿ. ಇವರು ಗಪ್ ಅಂತ ನಿಲ್ಲಿಸ್ಬಿಟ್ರು. ಕಂಡಕ್ಟರು ಬೆಲ್ ಹೊಡೀತಾನೆ, ಜನ ಬೈತಾರೆ. ಇವರು ಅಲ್ಲಾಡ್ಲಿಲ್ಲ."

"ಯಾಕೆ, ಅಜ್ಜಿ? ಏನು ನೋಡಿದ್ರು?"

ಟೈಲರಮ್ಮ ಬಾಯಿ ತೆರೆದಳು. ಏನೂ ಬರಲಿಲ್ಲ.

ಮತ್ತೆ ಹಿಂದಿನಿಂದ ಹಿಡಿದುಕೊಂಡು ಬಂದಳು. ಬುಟ್ಟಿ, ಬೆಲ್ಲು, ಬೈಗುಳ. ಅಲ್ಲಿಗೆ ಬಂದು ಮತ್ತೆ ನಿಂತಳು. ಅದರಾಚೆ ಆಕೆಗೆ ನೆನಪಿದ್ದದ್ದು ಹಾಲಿನ ಪಾತ್ರೆಯ ಬಿಸಿ ಅಂಚು, ಅದನ್ನು ಹಿಡಿಯುವ ಮಸಿಬಟ್ಟೆ, ಲೋಟ. ಹೋಗಲಿ ಎಂದು ಗಡಿಯಾರ ರಿಪೇರಿಯವನ ಕಥೆಗೆ ಹೊರಳಿದಳು. ಕೊನೇ ಸ್ಟಾಪಿನಲ್ಲಿ ಅವನು ಯಾಕೆ ಇಳಿಯುತ್ತಿರಲಿಲ್ಲ? ನೆನಪಿನ ಆ ಜಾಗದಲ್ಲಿ ಹೊಲಿಗೆ ಮೆಷಿನ್ನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಜೀವಮಾನ ಪಕ್ಕದಲ್ಲೇ ಕೂತು ಹೂಂಗುಟ್ಟಿದವಳಿಗೆ ಒಂದು ಕಥೆಯೂ ಕೊನೆಯವರೆಗೆ ಗೊತ್ತಿರಲಿಲ್ಲ. ಆಕೆಗೆ ಕೂತಲ್ಲೇ ಕುಗ್ಗಿಹೋದಂತಾಯಿತು. ಈ ಹುಡುಗಿಯಾದರೂ ಬಂದು ನಾಲ್ಕು ತಿಂಗಳು. ಇವಳ ತಪ್ಪು ಯಾವ ಲೆಕ್ಕ?

ಮಂಚದ ಕಡೆ ತಿರುಗಿದಳು. "ರೀ. ಏನು ನೋಡಿ ನಿಲ್ಲಿಸಿದ್ರಿ?"

ಮದುವೆಯಾದ ಮೇಲೆ ಆಕೆ ಅವನನ್ನು ಹೀಗೆ ಕೇಳಿದ್ದು ಅದೇ ಮೊದಲು. ಡ್ರೈವರಪ್ಪ ಹೆಂಡತಿಯ ಮುಖವನ್ನೇ ನೋಡಿದ. ಕಣ್ಣಂಚು ಒದ್ದೆಯಾಯಿತು. ಎಡಗೈ ಮೇಲೆದ್ದು ಸ್ಟೇರಿಂಗು ಹಿಡಿಯಿತು. ತುಟಿ ಸೊಟ್ಟಗಾಗಿ ಗಂಟಲಿನಿಂದ ಏನೋ ಹೊರಟಿತು.

ಅಷ್ಟರಲ್ಲಿ ಒಲೆಯ ಮೇಲೆ ಚುರ್ರೆಂದಿತು. ಅವನು ನಿಲ್ಲಿಸಿಬಿಟ್ಟ. ಕೈ ಸ್ಟೇರಿಂಗು ಬಿಟ್ಟು, ಹೋಗು, ಇಳಿಸಿ ಬಾ, ಎಂಬಂತೆ ಅಡುಗೆಮನೆಯ ಕಡೆ ಮೆಲ್ಲಗೆ ಬೀಸಿತು. ಕೋಪವಿರಲಿಲ್ಲ ಅದರಲ್ಲಿ. ರೂಢಿಯಷ್ಟೇ. ಪ್ರತಿ ಸಲವೂ ಅವನು ಹೀಗೇ ಇಲ್ಲಿಗೆ ನಿಲ್ಲಿಸಿ, ಖಾಲಿ ಕುರ್ಚಿಯ ಎದುರು ಕಾದು ಕೂತಿರುತ್ತಿದ್ದನೆಂದು ಟೈಲರಮ್ಮನಿಗೆ ಈಗ ತಿಳಿಯಿತು.

ಕೊಕ್ಕರೆ ಏಳಲು ಹೋದಳು. ಟೈಲರಮ್ಮ ಅವಳ ತೋಳು ಹಿಡಿದು ಕೂರಿಸಿದಳು.

"ಉಕ್ಕಲಿ ಬಿಡು," ಎಂದಳು. ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನೀವು ಹೇಳಿ. ನಾನು ಎಲ್ಲೂ ಹೋಗಲ್ಲ."

ಹಾಲು ಸೀದ ವಾಸನೆ ಮನೆಯೆಲ್ಲ ತುಂಬಿತು. ಡ್ರೈವರಪ್ಪ ಬಹಳ ಹೊತ್ತು ಹೇಳಿದ. ಒಂದು ಅಕ್ಷರವೂ ಅರ್ಥವಾಗಲಿಲ್ಲ. ಟೈಲರಮ್ಮ ಅವನ ತುಟಿಯಿಂದ ಕಣ್ಣು ತೆಗೆಯದೆ ಕೂತಿದ್ದಳು. ಎಲ್ಲಿ "ಹೂಂ" ಅನ್ನಬೇಕೆಂದು ಆಕೆಗೆ ತಿಳಿಯಲಿಲ್ಲ.